ಸ್ಪೈಕ್ ಮೇಲೆ ಎಸಿಇ2 ಡಾಕಿಂಗ್: ಪ್ರತಿ ಸಲ ತಪ್ಪು ಜಾಗದಲ್ಲೇ ಹೋಗಿ ಕೂರುತ್ತಿದೆ

ಅಣುಗಂಟು: ತಲೆ ಕೆಟ್ಟು ಹೋಗಿದೆ. ಕೊರೊನಾ ವೈರಸ್‌ನ ಸ್ಪೈಕ್ ಪ್ರೋಟೀನ್‌ಗೆ, ಅದು ಹಿಡಿಯುವ ನಮ್ಮ ಜೀವಕೋಶದ ಪ್ರೋಟೀನ್ ಎಸಿಇ2 ಡಾಕ್ ಮಾಡುತ್ತಿದ್ದೇನೆ, ಅಂದರೆ ಎರಡೂ ಹೇಗೆ ಕೂಡುತ್ತವೆ ಅಂತ ಕಂಪ್ಯೂಟರ್‌ನಲ್ಲಿ ನೋಡುತ್ತಿದ್ದೇನೆ. ಸ್ಕೋರ್ ಚೆನ್ನಾಗೇ ಬರುತ್ತದೆ, ಆದರೆ ಎಸಿಇ2 ಹೋಗಿ ಸ್ಪೈಕ್‌ನ ಪಕ್ಕೆಗೆ, ಎನ್‌ಟಿಡಿ ಅನ್ನುವ ಭಾಗದ ಹತ್ತಿರ ಅಂಟಿಕೊಳ್ಳುತ್ತದೆ. ಎಸಿಇ2ಯನ್ನು ನಿಜವಾಗಿ ಹಿಡಿಯುವ ಭಾಗ ಆರ್‌ಬಿಡಿ, ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನೀರು ತೆಗೆದಿದ್ದೇನೆ, ಹೈಡ್ರೋಜನ್ ಸೇರಿಸಿದ್ದೇನೆ, ಎಲ್ಲ ಮಾಮೂಲಿ. ಮತ್ತೇನು ಮಾಡಬೇಕು?

ರಾತ್ರಿಪಾಳಿ: ಜಿಂಕ್ ಹೋಗಿರಬೇಕು. ಎಸಿಇ2 ಒಳಗೆ ಒಂದು ಜಿಂಕ್ ಅಯಾನ್ ಇದೆ, ನೀರು ಅಳಿಸುವಾಗ ಅದನ್ನೂ ಸೇರಿಸಿ ಅಳಿಸಿಬಿಡುತ್ತಾರೆ. ವಾಪಸ್ ಹಾಕಿ.

ಅಣುಗಂಟು: ಹಾಕಿದೆ. ಅದೇ ಕಥೆ.

ರಾತ್ರಿಪಾಳಿ: ಹಾಗಾದ್ರೆ ಚಾರ್ಜ್ ಸೊನ್ನೆ ಇದೆ. +2 ಕೊಡಿ. ಅದನ್ನು ಹಿಡಿದಿರುವ ಹಿಸ್ಟಿಡಿನ್ 374, 378 (ಅಮೈನೋ ಆಮ್ಲ, ಸರಪಳಿಯಲ್ಲಿ ಅದರ ಸಂಖ್ಯೆ) ಎರಡರ ಪ್ರೋಟೊನೇಷನ್, ಅಂದರೆ ಹೈಡ್ರೋಜನ್ ಎಲ್ಲಿ ಕೂತಿದೆ ಅನ್ನುವುದನ್ನೂ ನೋಡಿ.

ಬೀಟಾಹಾಳೆ: ಜಿಂಕ್ ಬಿಡಿ ಮಾರಾಯ್ರೆ. ಅದು ಎಸಿಇ2 ನಡುವಿನ ಸೀಳಿನ ಆಳದಲ್ಲಿದೆ. ಸ್ಪೈಕ್ ಹಿಡಿಯುವುದು ಹೊರಗಿನ ತುದಿಯನ್ನು, ಮುಖ್ಯವಾಗಿ ಮೊದಲ ಹೀಲಿಕ್ಸನ್ನು (ಸುರುಳಿಯನ್ನು). ಅದಿರಲಿ, ಸ್ಪೈಕ್‌ನ ಪಿಡಿಬಿ ಫೈಲ್ (3ಡಿ ರಚನೆಯ ಫೈಲ್) ಯಾವುದು? ಹೇಳಲೇ ಇಲ್ಲವಲ್ಲ.

ಕಾಡುಹೂ: ಅಣು ನೋಡಲು ಮೊದಲು ಕೈಮೆರಾಎಕ್ಸ್ ಸಾಫ್ಟ್‌ವೇರ್‌ಗೆ ಬನ್ನಿ. ಪೂರ್ತಿ ಟ್ರೈಮರ್, ಅಂದರೆ ಸ್ಪೈಕ್‌ನ ಮೂರೂ ಚೈನ್, ತೆರೆದರೆ ಪೈಮಾಲ್ ಏದುಸಿರು ಬಿಡುತ್ತದೆ.

ರಾತ್ರಿಪಾಳಿ: ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೇ ಪೈಮಾಲ್ ಆರಾಮಾಗಿ ಓಡುತ್ತದೆ. ಸುಮ್ನೆ ಏನೇನೋ ಹೇಳಬೇಡಿ.

ಕಾಡುಹೂ: ನನ್ನದು 24 ಜಿಬಿ ಕಾರ್ಡ್. ಸರ್ಫೇಸ್, ನೆರಳು ಎಲ್ಲ ಹಾಕಿ ತಿರುಗಿಸಿದರೂ ಒಂದು ಫ್ರೇಮ್ ಬೀಳಲ್ಲ. ಚಿತ್ರ ಹಾಕಲಾ?

ಅಣುಗಂಟು: ಈಗ ಬೇಡ. ಫೈಲ್ 6ವಿಎಕ್ಸ್‌ಎಕ್ಸ್. ಎಲ್ಲರೂ ಬಳಸೋದು ಅದನ್ನೇ ಅಲ್ವಾ?

ಬೀಟಾಹಾಳೆ: ಅಲ್ಲೇ ಇರೋದು ಗಂಟು. ಅದು ಮುಚ್ಚಿದ ಸ್ಪೈಕ್. ಮೂರೂ ಆರ್‌ಬಿಡಿ ಕೆಳಗೆ ಮಲಗಿವೆ, ಎಸಿಇ2 ಬಂದು ಕೂರಲು ಜಾಗವೇ ಇಲ್ಲ. ಒಂದಾದರೂ ಎದ್ದು ನಿಲ್ಲಬೇಕು, ಆಕಾರ ಬದಲಿಸದ ರಿಜಿಡ್ ಡಾಕಿಂಗ್‌ನಲ್ಲಿ ಅದು ತಾನಾಗಿ ಏಳುವುದಿಲ್ಲ. 6ವಿಎಸ್‌ಬಿ ತೆಗೆದುಕೊಳ್ಳಿ, ಅದರಲ್ಲಿ ಎ ಚೈನ್‌ನ ಆರ್‌ಬಿಡಿ ಎದ್ದಿದೆ. ಆದರೆ ಹಾಗೇ ಡಾಕ್ ಮಾಡಬೇಡಿ. 3.46 ಆಂಗ್‌ಸ್ಟ್ರಾಂ ಸ್ಪಷ್ಟತೆಯ ಕ್ರಯೋ-ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ರಚನೆ ಅದು, ಎಸಿಇ2 ಹಿಡಿಯುವ ಕಡೆಯ ಲೂಪ್‌ಗಳೇ ಅಲ್ಲಲ್ಲಿ ಕಾಣೆ.

6ಎಂ0ಜೆ ಇಳಿಸಿ. 2.45 ಆಂಗ್‌ಸ್ಟ್ರಾಂ ಕ್ರಿಸ್ಟಲ್, ಎ ಚೈನ್ ಎಸಿಇ2, ಇ ಚೈನ್ ಆರ್‌ಬಿಡಿ. ಮೊದಲು ಆ ಎರಡನ್ನೇ ಬಿಡಿಸಿ ಮತ್ತೆ ಡಾಕ್ ಮಾಡಿ ನೋಡಿ. ಸ್ಪೈಕ್‌ನ ಲೈಸಿನ್ 417 ಎಸಿಇ2ನ ಆಸ್ಪಾರ್ಟೇಟ್ 30ರ ಎದುರಿಗೆ ಬರಬೇಕು. 501 ಹೋಗಿ ಟೈರೋಸಿನ್ 41ರ ಪಕ್ಕ. ಫಿನೈಲ್‌ಅಲನಿನ್ 486 ಮೆಥಿಯೋನಿನ್ 82 ಹತ್ತಿರದ ಗುಳಿಗೆ ತಲೆ ತೂರಿಸಿರಬೇಕು. ಈ ಮೂರು ಬರದಿದ್ದರೆ ಸ್ಕೋರ್ ಎಷ್ಟೇ ಇರಲಿ, ನಂಬಬೇಡಿ.

ರಾತ್ರಿಪಾಳಿ: ಸರಿ, ಆದರೂ ಜಿಂಕ್ ಇಟ್ಟುಕೊಳ್ಳಿ.

ಹೊಸಬ22: ಮಧ್ಯೆ ಬಾಯಿ ಹಾಕ್ತೀನಿ. ಓಮಿಕ್ರಾನ್‌ನಲ್ಲಿ 417 ಆಸ್ಪರಜಿನ್ ಆಗಿದೆ, 30ರ ಜೊತೆಗಿನ ಆ ಸಾಲ್ಟ್ ಬ್ರಿಡ್ಜ್ (ವಿರುದ್ಧ ಚಾರ್ಜ್‌ಗಳ ಹಿಡಿತ) ಇರಲ್ಲ. ಆದ್ರೂ ಗಟ್ಟಿಯಾಗೇ ಅಂಟುತ್ತದಲ್ಲ?

ಬೀಟಾಹಾಳೆ: 501 ಟೈರೋಸಿನ್ ಆಗಿರುವುದರಿಂದ ಆ ತುದಿಯಲ್ಲಿ ಹಿಡಿತ ಜಾಸ್ತಿ ಆಗಿದೆ. ಇನ್ನೂ ಬೇರೆ ಬದಲಾವಣೆಗಳಿವೆ. ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಕಲಸಬೇಡಿ.

ಅಣುಗಂಟು: 6ಎಂ0ಜೆ ಕೆಲಸ ಮಾಡಿತು! 417 ಸರಿಯಾಗಿ 30ರ ಎದುರಿಗೇ ಬಂತು. ಆದರೆ ಆ ಜೋಡಿಯನ್ನು 6ವಿಎಸ್‌ಬಿ ಮೇಲೆ ಕೂರಿಸಿದರೆ ಎಸಿಇ2 ಪಕ್ಕದ ಆರ್‌ಬಿಡಿಗೆ ಢಿಕ್ಕಿ ಹೊಡೆಯುತ್ತಿದೆ.

ಬೀಟಾಹಾಳೆ: ಯಾವ ಚೈನ್ ಮೇಲೆ ಕೂರಿಸಿದಿರಿ? ಬಿ, ಸಿ ಎರಡೂ ಮಲಗಿವೆ.

ಕಾಡುಹೂ: ಅಷ್ಟರಲ್ಲಿ ನನ್ನ ಟ್ರೈಮರ್ ಚಿತ್ರ ಹಾಕಿದ್ದೇನೆ, ನೋಡಿ. ನೆರಳು ಹೇಗಿದೆ ಹೇಳಿ.