ಅಪ್‌ಡೇಟ್: ರೇಡಿಯೇಟರ್ ಫ್ಯಾನ್ ಸ್ವಿಚ್ ಸುಡುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು

ಫ್ಯಾನಿಗೆ ಡ್ಯಾಶ್‌ಬೋರ್ಡಲ್ಲಿ ಹಾಕಿದ ಸ್ವಿಚ್ ಹತ್ತು ನಿಮಿಷಕ್ಕೇ ಮುಟ್ಟಲಾರದಷ್ಟು ಬಿಸಿಯಾಗ್ತದೆ ಅಂತ ಕೇಳಿದ್ದೆ. ಮೋಟರ್ ಜಾಮ್ ಆಗಿರಬಹುದು ಅಂತ ಕೆಲವರು ಅಂದಿದ್ರಿ. ಅದಲ್ಲ.

ಕ್ಲಾಂಪ್ ಮೀಟರಲ್ಲಿ ಫ್ಯಾನ್ ಎಳೆಯೋದು 14 ಆಂಪ್ಸ್, ಸರಿಯಾಗೇ ಇದೆ. ಫ್ಯಾನ್ ಓಡುವಾಗ ಸ್ವಿಚ್ಚಿನ ಎರಡು ಕಾಲಿನ ನಡುವೆ ಮಲ್ಟಿಮೀಟರ್ ಇಟ್ರೆ 1.3 ವೋಲ್ಟ್! ಅಂದ್ರೆ 18 ವ್ಯಾಟ್ ಶಾಖ ಆ ಪುಟ್ಟ ಡಬ್ಬಿಯೊಳಗೇ. ಸ್ವಿಚ್ ಮೇಲೆ 10ಎ 250ವಿ ಎಸಿ ಅಂತ ಬರೆದಿತ್ತು. ಆ ರೇಟಿಂಗ್ ಡಿಸಿ ಮೋಟರಿಗೆ ನಂಬಬಾರದು. ಸ್ಟಾರ್ಟ್ ಆಗುವಾಗ ಕರೆಂಟ್ ಇನ್ನೂ ಜಾಸ್ತಿ, ಆಫ್ ಮಾಡಿದಾಗ ಕಿಡಿ ಹಾರಿ ಕಾಂಟ್ಯಾಕ್ಟ್ ಕಪ್ಪಾಗ್ತದೆ. ಬಿಚ್ಚಿ ನೋಡಿದ್ರೆ ಒಂದು ಕಾಂಟ್ಯಾಕ್ಟಲ್ಲಿ ಗುಳಿ ಬಿದ್ದು, ಸುತ್ತಲ ಪ್ಲಾಸ್ಟಿಕ್ ಕಂದಿತ್ತು.

ಈಗ 12 ವೋಲ್ಟ್ 40 ಆಂಪ್ಸ್ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್) ಹಾಕಿದ್ದೀನಿ. 30, 87, 86, 85 ಅನ್ನೋದು ಅದರ ಕಾಲುಗಳ ನಂಬರ್. ಬ್ಯಾಟರಿ ಪ್ಲಸ್ ಹತ್ತಿರವೇ 25 ಆಂಪ್ಸ್ ಫ್ಯೂಸ್, ಅಲ್ಲಿಂದ 4 ಚದರ ಮಿಮೀ ವೈರ್ 30ಕ್ಕೆ, 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಸಪ್ಲೈ, 85 ಹಳೇ ಜಾಗದ ಹೊಸ ಸ್ವಿಚ್ ಮೂಲಕ ಅರ್ಥಿಗೆ. ಸ್ವಿಚ್ಚಲ್ಲಿ ಈಗ ಹರಿಯೋದು ರಿಲೇ ಒಳಗಿನ ಕಾಯಿಲ್ ಕರೆಂಟ್ ಮಾತ್ರ, 0.2 ಆಂಪ್ಸೂ ಇಲ್ಲ. ಫ್ಯಾನ್ ಅರ್ಥ್ ಬೋಲ್ಟಿನ ತುಕ್ಕನ್ನೂ ಉಜ್ಜಿದೆ. ಮೋಟರ್ ಹತ್ತಿರ 11.6 ಇದ್ದದ್ದು 13.3 ವೋಲ್ಟ್ ಆಗಿದೆ, ಗಾಳಿಯ ಸದ್ದೇ ಬೇರೆ.

ಎಂಜಿನ್ ಬಿಸಿಯಾದಾಗ ತಾನೇ ಆನ್ ಆಗೋ ಥರ್ಮೋ ಸ್ವಿಚ್ಚನ್ನೂ 85ರಿಂದ ಅರ್ಥಿಗೆ ಪ್ಯಾರಲಲ್ ಕೊಟ್ಟಿದ್ದೀನಿ. ಕಲಬುರಗಿ ಮೇ ಬಿಸಿಲಲ್ಲಿ ಕೈಸ್ವಿಚ್ ಹಾಕೋದು ಒಮ್ಮೆ ಮರೆತ್ರೂ ಎಂಜಿನ್ ಬಿಸಿಯೇರಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗಬಹುದು. ರಿಲೇ ಮಾತ್ರ ರೇಡಿಯೇಟರಿಗೆ ಅಂಟಿಸಬೇಡಿ, ಕಾಲುಗಳು ಕೆಳಮುಖ ಇರಲಿ.