ಭಾವವಿಲ್ಲದ ಭಾವಚಿತ್ರ, ಚಿತ್ರದ ಮಾತುಗಾರಿಕೆ: ಎರಡು ಪದಗಳ ಬಗ್ಗೆ

ಬಳಗದ ಹಿರಿಯರಿಗೂ ಗೆಳೆಯರಿಗೂ ಬಾಗಲಕೋಟೆಯಿಂದ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಒಂದು ನಾವೆಲ್ಲ ದಿನವೂ ಬಳಸುವ ‘ಭಾವಚಿತ್ರ’. ಇನ್ನೊಂದಕ್ಕೆ ಕನ್ನಡದಲ್ಲಿ ಇನ್ನೂ ನೆಲೆಯಾದ ಹೆಸರಿಲ್ಲ. ಇಂಗ್ಲಿಷಿನಲ್ಲಿ ಅದನ್ನು ವಿಷುವಲ್ ರೆಟರಿಕ್ ಎನ್ನುತ್ತಾರೆ: ಒಂದು ಚಿತ್ರ ಬಾಯಿಲ್ಲದೆಯೂ ನೋಡುವವರ ಮನಸ್ಸನ್ನು ಒಲಿಸಿಕೊಂಡು ತನ್ನ ವಿಚಾರವನ್ನು ಒಪ್ಪಿಸುವ ಬಗೆ.

ಸಂದರ್ಭವನ್ನು ಹೇಳಿಬಿಡುತ್ತೇನೆ. ನಾನು ಕನ್ನಡ ಕಲಿಸುವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ತೆಗೆದ ಫೋಟೋಗಳ ಪ್ರದರ್ಶನ ನಡೆಯಲಿದೆ. ವಿಷಯ ‘ಮುಳುಗಡೆ’. ಬೇರೆ ಕಡೆಯವರಿಗೆ ಇದು ಬರೀ ಕ್ರಿಯೆಯ ಹೆಸರು. ಇಲ್ಲಿ ಅದು ಕಾಲಮಾನ. ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದ ಮೇಲೆ’ ಎಂದೇ ಜನ ವರ್ಷಗಳನ್ನು ಎಣಿಸುತ್ತಾರೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಭಾಗಗಳನ್ನು ನುಂಗಿತು, ನವನಗರ ಎದ್ದಿತು. ಇನ್ನೂ ಮುಗಿದಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದದ ನ್ಯಾಯಮಂಡಳಿ ಒಪ್ಪಿದ ಮೇಲೆ ‘524’ ಎಂಬುದು ಈ ಭಾಗದ ರೈತರ ಮನೆಮಾತಾಗಿದೆ. ಪ್ರದರ್ಶನದ ಗೋಡೆಗೆ ಹಾಕುವ ಪರಿಚಯ ಫಲಕ ಬರೆಯುವ ಕೆಲಸ ನನಗೆ ಬಂದಿದೆ. ‘ಇವು ಮುಳುಗಡೆಯ ಭಾವಚಿತ್ರಗಳು’ ಎಂದು ಶುರುಮಾಡಿದ್ದೆ. ಕರಡು ಓದಿದ ವಿದ್ಯಾರ್ಥಿನಿಯೊಬ್ಬಳು, ‘ಮೇಡಂ, ಇವುಗಳಲ್ಲಿ ಬಹಳಷ್ಟರಲ್ಲಿ ಮುಖವೇ ಇಲ್ಲವಲ್ಲ’ ಎಂದಳು. ಅವಳ ಕನ್ನಡದ ಪ್ರಕಾರ ಅವಳು ಹೇಳಿದ್ದು ಸರಿ. ನಿಮ್ಮ ಕನ್ನಡದ ಪ್ರಕಾರವೂ ಸರಿಯೇ ಇರಬೇಕು.

ಏಕೆಂದರೆ ಭಾವಚಿತ್ರ ಎಂದರೆ ಇಂದು ಅರ್ಜಿಯ ಬಲಮೂಲೆಯ ಚೌಕದಲ್ಲಿ ಅಂಟಿಸುವ ಚಿತ್ರ. ‘ಇತ್ತೀಚಿನ ಎರಡು ಭಾವಚಿತ್ರಗಳನ್ನು ಲಗತ್ತಿಸಿರಿ.’ ಅದನ್ನು ತೆಗೆಸಲು ಸ್ಟುಡಿಯೋಗೆ ಹೋದರೆ ಮೊದಲ ಅಪ್ಪಣೆಯೇ ‘ನಗಬೇಡಿ, ನೇರ ನೋಡಿ, ಗದ್ದ ಸ್ವಲ್ಪ ಮೇಲೆ’. ಯಾವ ಚಿತ್ರದಲ್ಲಿ ಭಾವಕ್ಕೆ ಪ್ರವೇಶವೇ ಇಲ್ಲವೋ ಅದಕ್ಕೇ ನಾವು ಭಾವಚಿತ್ರ ಎಂದು ಹೆಸರಿಟ್ಟುಕೊಂಡು ನೆಮ್ಮದಿಯಾಗಿದ್ದೇವೆ!

ಈ ಪದ ಮೊದಲು ಹೀಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಚಿತ್ರಪ್ರಕರಣದಲ್ಲಿ ಚಿತ್ರಗಳ ಐದು ಬಗೆಗಳಿವೆ: ವಿದ್ಧ, ಅವಿದ್ಧ, ಭಾವ, ರಸ, ಧೂಳಿ. ಕನ್ನಡಿಯಲ್ಲಿ ಕಂಡ ಹಾಗೆ ಇದ್ದದ್ದನ್ನು ಇದ್ದಂತೆ ತೋರಿಸುವುದು ವಿದ್ಧಚಿತ್ರ. ನೋಡಿದ ಕೂಡಲೇ ಶೃಂಗಾರವೇ ಮೊದಲಾದ ರಸಗಳು ತಿಳಿದುಬರುವುದು ಭಾವಚಿತ್ರ. (ಅಲ್ಲಿಯ ‘ರಸಚಿತ್ರ’ಕ್ಕೂ ಕಾವ್ಯದ ರಸಕ್ಕೂ ಸಂಬಂಧವಿಲ್ಲ, ಅದು ಒದ್ದೆ ಬಣ್ಣದ ಚಿತ್ರ. ಧೂಳಿಚಿತ್ರ ನಮ್ಮ ರಂಗೋಲಿಯ ಜಾತಿಯದು.) ಸೋಮೇಶ್ವರನ ಲೆಕ್ಕದಲ್ಲಿ ಆಧಾರ್ ಕಾರ್ಡಿನ ಚಿತ್ರ ವಿದ್ಧಚಿತ್ರ, ನನ್ನ ವಿದ್ಯಾರ್ಥಿಗಳದ್ದು ಭಾವಚಿತ್ರ. ನಾವು ಎರಡನ್ನೂ ತಿರುಗುಮುರುಗು ಮಾಡಿಕೊಂಡಿದ್ದೇವೆ.

ಒಂದು ಕಡೆ ಮಾತ್ರ ಹಳೆಯ ಅರ್ಥ ನಮಗೆ ಗೊತ್ತಿಲ್ಲದೆಯೇ ಉಳಿದಿದೆ. ಬಸವ ಜಯಂತಿಯ ದಿನ ಬಸವನ ಬಾಗೇವಾಡಿಯಿಂದ ಬೆಳಗಾವಿಯವರೆಗೆ ಊರೂರುಗಳಲ್ಲಿ ‘ಭಾವಚಿತ್ರದ ಮೆರವಣಿಗೆ’ ಹೊರಡುತ್ತದೆ. ಬಸವಣ್ಣನವರ ಮುಖವನ್ನು ಕಂಡು ಬರೆದ ಚಿತ್ರ ನಮ್ಮಲ್ಲಿಲ್ಲ. ಮೆರವಣಿಗೆಯಲ್ಲಿ ಇರುವುದು ಭಕ್ತಿ ಕಟ್ಟಿಕೊಂಡ ಮುಖ. ಕಿತ್ತೂರು ರಾಣಿ ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ; ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಕುದುರೆಯ ಮೇಲೆ ಕತ್ತಿ ಎತ್ತಿದ ಚೆನ್ನಮ್ಮನ ಚಿತ್ರದಲ್ಲಿ ನಾವು ನೋಡುವುದು ವೀರರಸವನ್ನು, ಮೂಗಿನ ಅಳತೆಯನ್ನಲ್ಲ. ಅಂಥ ಚಿತ್ರಕ್ಕೆ ಪುಷ್ಪಾರ್ಚನೆ ನಡೆಯಿತು ಎಂದು ಪತ್ರಿಕೆ ಬರೆಯುವಾಗ ‘ಭಾವಚಿತ್ರ’ ಎಂಬ ಪದ ಸೋಮೇಶ್ವರನೂ ಒಪ್ಪುವಷ್ಟು ಸರಿಯಾಗಿದೆ.

ಹಾಗಾದರೆ ಪ್ರಶ್ನೆ ಒಂದು: ಫಲಕದಲ್ಲಿ ‘ಭಾವಚಿತ್ರ’ವನ್ನು ಈ ಹಳೆಯ ಅರ್ಥದಲ್ಲಿ ಬಳಸಿ, ಒಂದೇ ಸಾಲಿನಲ್ಲಿ ವಿವರಿಸಿದರೆ ಓದುವವರು ಒಪ್ಪುತ್ತಾರೆಯೇ? ‘ವಿದ್ಧಚಿತ್ರ’ವನ್ನು ಅರ್ಜಿ ನಮೂನೆಗೆ ತರಬೇಕೆಂಬ ಹಟ ನನಗಿಲ್ಲ, ನಾಳೆ ಕಚೇರಿಯ ಮುಂದೆ ಜನ ಗಾಬರಿಯಾಗುತ್ತಾರೆ. ‘ವ್ಯಕ್ತಿಚಿತ್ರ’ ಎನ್ನೋಣವೆಂದರೆ ಅದನ್ನು ಸಾಹಿತ್ಯದವರು ಬರಹಕ್ಕೆ ಹಿಡಿದುಕೊಂಡಿದ್ದಾರೆ. ‘ಛಾಯಾಚಿತ್ರ’ ಎಲ್ಲ ಫೋಟೋಗಳಿಗೂ ಸಲ್ಲುವ ಹೆಸರಾದ್ದರಿಂದ ನನ್ನ ತೊಂದರೆಯನ್ನು ಬಿಡಿಸುವುದಿಲ್ಲ.

ಎರಡನೆಯ ಪದ ಇನ್ನೂ ತೊಡಕಿನದು. ಸಹೋದ್ಯೋಗಿಗಳು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ‘ದೃಶ್ಯಾಲಂಕಾರ’. ಅದನ್ನು ಕೇಳಿದರೆ ಮದುವೆ ಮಂಟಪದ ಗುತ್ತಿಗೆದಾರರ ಫಲಕ ಕಣ್ಣಮುಂದೆ ಬರುತ್ತದೆ. ‘ಚಿತ್ರಧ್ವನಿ’ ಎಂದರೆ ಸಿನಿಮಾದ ಸೌಂಡ್. ‘ದೃಶ್ಯ ವಾಗ್ಮಿತೆ’ ವ್ಯಾಕರಣದಲ್ಲಿ ಪಾಸು, ಬಾಯಲ್ಲಿ ನಪಾಸು. ಅಲಂಕಾರ, ಧ್ವನಿ, ರಸ, ಭಾವ ಎಲ್ಲವೂ ಒಂದು ಕಾಲಕ್ಕೆ ಕಾವ್ಯವನ್ನು ಓದುವ ಸೂಕ್ಷ್ಮವಾದ ಉಪಕರಣಗಳು. ಒಂದೊಂದಾಗಿ ಮಂಟಪಕ್ಕೆ, ಮೈಕಿಗೆ, ಕಬ್ಬಿನ ಗಾಣಕ್ಕೆ, ಅರ್ಜಿ ನಮೂನೆಗೆ ಹೋಗಿ ಸೇರಿವೆ. ಹೊಸ ಪದ ಟಂಕಿಸುವ ಮೊದಲು ಇವುಗಳಲ್ಲಿ ಯಾವುದನ್ನು ವಾಪಸು ಕರೆತರಬಹುದು ಎಂದು ನೋಡಬೇಕೆಂಬುದು ನನ್ನ ವಾದ. ಅದಕ್ಕೆ ನಮಗೆ ಸ್ವಲ್ಪ ಹಕ್ಕೂ ಇದೆ. ಕನ್ನಡದಲ್ಲಿ ಅಲಂಕಾರಗಳನ್ನು ವಿವರಿಸಿದ, ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ. ಅವುಗಳಲ್ಲಿ ಕಿಸುವೊಳಲು, ಎಂದರೆ ಪಟ್ಟದಕಲ್ಲು, ನಮ್ಮ ಜಿಲ್ಲೆಯದು. ಒಕ್ಕುಂದ ಬೆಳಗಾವಿ ಜಿಲ್ಲೆಯದು.

ಹಳೆಯ ಉಪಕರಣ ಇಂದಿನ ಫೋಟೋದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರದರ್ಶನದಿಂದಲೇ ಒಂದು ಉದಾಹರಣೆ. ಲಕ್ಷಣಾರ್ಥವನ್ನು (ಪದದ ನೇರ ಅರ್ಥ ಹೊಂದದಾಗ ಹಿಡಿಯುವ ಹತ್ತಿರದ ಅರ್ಥವನ್ನು) ಕಲಿಸುವಾಗ ಎಲ್ಲ ಮೇಷ್ಟರೂ ಹೇಳುವ ವಾಕ್ಯ ‘ಗಂಗೆಯಲ್ಲಿ ಹಳ್ಳಿ’. ನದಿಯ ನೀರಿನಲ್ಲಿ ಹಳ್ಳಿ ಇರಲಾರದು, ಆದ್ದರಿಂದ ಮುಖ್ಯಾರ್ಥಕ್ಕೆ ಬಾಧೆ ಬರುತ್ತದೆ, ಆದ್ದರಿಂದ ‘ಗಂಗೆಯ ದಡದಲ್ಲಿ’ ಎಂದು ತಿಳಿಯಬೇಕು, ಆ ಮೇಲೆ ತಂಪು, ಪಾವಿತ್ರ್ಯ ಧ್ವನಿಸುತ್ತವೆ. ಈ ಪಾಠವನ್ನು ಬಾಗಲಕೋಟೆಯಲ್ಲಿ ಮಾಡಿ ನೋಡಿ. ಹಿಂದಿನ ಬೆಂಚಿನಿಂದ ಒಬ್ಬ, ‘ನಮ್ಮ ಅಜ್ಜನ ಊರು ಹೊಳೆಯಲ್ಲೇ ಇದೆ’ ಎನ್ನುತ್ತಾನೆ. ಬಾಧೆ ಎಲ್ಲಿ ಬಂತು? ಅವನೇ ತೆಗೆದ ಫೋಟೋದಲ್ಲಿ ಕಲ್ಲಿನ ಮೆಟ್ಟಿಲುಗಳು ಹಿನ್ನೀರಿನೊಳಕ್ಕೆ ಇಳಿದು ಹೋಗುತ್ತವೆ, ನೀರಿನಾಚೆ ಏನೂ ಕಾಣುವುದಿಲ್ಲ. ಮೆಟ್ಟಿಲು ಎಂಬುದು ಮೆಟ್ಟಿಲೇ, ಅದು ವಾಚ್ಯ, ಎಂದರೆ ನೇರ ಅರ್ಥ. ಮೆಟ್ಟಿಲಿದ್ದರೆ ಮನೆ ಇರಬೇಕು, ಅದು ಲಕ್ಷಣೆ. ಇಳಿದವರು ಎಲ್ಲಿಗೆ ಹೋದರು ಎಂಬ ಕಳವಳ ಯಾವ ಕಲ್ಲಿನ ಮೇಲೂ ಬರೆದಿಲ್ಲ, ಅದು ಧ್ವನಿ. ಮೂರು ಪದಗಳಿಂದ ಇಡೀ ಚಿತ್ರವನ್ನು ಓದಿದ್ದಾಯಿತು.

ನಾಟ್ಯಶಾಸ್ತ್ರದ ಭರತನ ‘ವಿಭಾವ’, ‘ಅನುಭಾವ’ಗಳೂ ಹೀಗೆಯೇ ಒದಗುತ್ತವೆ. ಭಾವವನ್ನು ನೇರವಾಗಿ ಫೋಟೋ ತೆಗೆಯಲಾಗದು. ಅದಕ್ಕೆ ಕಾರಣವಾದದ್ದನ್ನು ಇಲ್ಲವೇ ಅದರಿಂದ ಮೈಮೇಲೆ ಮೂಡಿದ್ದನ್ನು ತೆಗೆಯಬಹುದು. ಅಳುವ ಮುಖ ಅನುಭಾವ, ಖಾಲಿ ಮೆಟ್ಟಿಲು ವಿಭಾವ. ನಮ್ಮ ಹುಡುಗರಿಗೆ ಅನುಭಾವದ ಮೇಲೆ ಅತಿಯಾದ ಪ್ರೀತಿ. ಮುದುಕಿಯೊಬ್ಬಳ ಸುಕ್ಕುಗಟ್ಟಿದ ಮುಖವನ್ನು ಹತ್ತಿರದಿಂದ ತೆಗೆದು ಕಪ್ಪುಬಿಳುಪು ಮಾಡಿದರೆ ಶೋಕ ಸಿದ್ಧವಾಯಿತೆಂದು ನಂಬಿದ್ದಾರೆ. ಆ ಅಜ್ಜಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳೇನೋ! ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1920ರ ದಶಕದಲ್ಲಿ ಬರಿಯ ಮೋಡಗಳ ಫೋಟೋ ತೆಗೆದು, ಇವು ನನ್ನ ಅಂತರಂಗದ ಅನುಭವಕ್ಕೆ ಸಮನಾದವು ಎಂಬ ಅರ್ಥದ ಹೆಸರಿಟ್ಟ. ಮುಖವಿಲ್ಲ, ಕಥೆಯಿಲ್ಲ, ಭಾವವನ್ನು ಕೆರಳಿಸುವ ಸನ್ನಿವೇಶ, ಎಂದರೆ ಉದ್ದೀಪನ ವಿಭಾವ ಮಾತ್ರ. ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ಮುದುಕಿಯರು ಕಡಿಮೆಯಾಗಿ ಮೋಡಗಳು ಹೆಚ್ಚಾದವು ಎಂಬುದು ಬೇರೆ ಮಾತು.

ಒಂದು ಅಡ್ಡಿ ಇದೆ, ಅದನ್ನು ಮುಚ್ಚಿಡಬಾರದು. ಧ್ವನಿಸಿದ್ಧಾಂತದ ಆನಂದವರ್ಧನನೇ ‘ಚಿತ್ರ’ ಎಂಬ ಪದವನ್ನು ಬೈಗುಳದಂತೆ ಬಳಸಿದ್ದಾನೆ. ಧ್ವನಿಯ ಉದ್ದೇಶವಿಲ್ಲದೆ ಬರಿಯ ಚಮತ್ಕಾರಕ್ಕೆ ಕಟ್ಟಿದ ಪದ್ಯ ಅವನಿಗೆ ಚಿತ್ರಕಾವ್ಯ, ಎಂದರೆ ಕಾವ್ಯದ ಅನುಕರಣೆ ಮಾತ್ರ. ಅವನ ಪರಿಭಾಷೆಯನ್ನೇ ಚಿತ್ರಕ್ಕೆ ಹಚ್ಚುವುದು ಸರಿಯೇ ಎಂದು ಬಳಗದ ಕಾವ್ಯಮೀಮಾಂಸೆಯ ಹಿರಿಯರು ಕೇಳಬಹುದು. ಆ ಆಕ್ಷೇಪಕ್ಕೆ ಕಾಯುತ್ತಿದ್ದೇನೆ.

ಇಷ್ಟಾದರೂ ಧ್ವನಿ, ಲಕ್ಷಣೆಗಳು ಭಾಗಗಳ ಹೆಸರು. ಇಡೀ ವಿದ್ಯೆಗೆ ಹೆಸರು ಬೇಕಲ್ಲ. ರೆಟರಿಕ್ ಎಂಬುದರಲ್ಲಿ ಎರಡು ಮುಖಗಳಿವೆ: ಒಪ್ಪಿಸುವ ಕಲೆ ಎಂಬ ಮೆಚ್ಚುಗೆ, ಬರಿಯ ಬಾಯಿಬಡಾಯಿ ಎಂಬ ಅನುಮಾನ. ಕನ್ನಡದಲ್ಲಿ ಈ ಎರಡನ್ನೂ ಒಟ್ಟಿಗೆ ಹೊತ್ತ ಪದ ‘ಮಾತುಗಾರಿಕೆ’. ‘ಒಳ್ಳೆಯ ಮಾತುಗಾರ’ ಎಂದು ಹೊಗಳಬಹುದು, ‘ಬರೀ ಮಾತುಗಾರ’ ಎಂದು ಜರಿಯಬಹುದು. ಆದ್ದರಿಂದ ನನ್ನ ಸೂಚನೆ: ‘ಚಿತ್ರದ ಮಾತುಗಾರಿಕೆ’.

ಅನುಮಾನದ ಮುಖ ಏಕೆ ಬೇಕೆಂದರೆ, ಮತ್ತೊಬ್ಬ ವಿದ್ಯಾರ್ಥಿಯ ಫೋಟೋದಲ್ಲಿ ನೀರಂಚಿನ ಮುರುಕು ಹೊಸ್ತಿಲ ಮುಂದೆ ಹೊಸದಾಗಿ ಹಾಕಿದ ರಂಗೋಲಿ ಇದೆ. ನೋಡಿದವರೆಲ್ಲ ನಿಟ್ಟುಸಿರು ಬಿಟ್ಟರು. ಕೇಳಿದರೆ, ತಾಯಿಯನ್ನು ಕರೆದುಕೊಂಡು ಹೋಗಿ ಹಾಕಿಸಿದ್ದೆ ಎಂದ. ಇದು ಸುಳ್ಳೇ? 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ಡೊರೊತಿಯಾ ಲ್ಯಾಂಗ್ ವಲಸೆ ಕೂಲಿ ತಾಯಿಯ ಫೋಟೋಗಳನ್ನು ಮೊದಲು ಡೇರೆ ಸಮೇತ ದೂರದಿಂದ, ಆಮೇಲೆ ಹತ್ತಿರದಿಂದ ತೆಗೆದಳು. ಪ್ರಸಿದ್ಧವಾದ ಚಿತ್ರದಲ್ಲಿ ಡೇರೆಯ ಬದುಕು ಚೌಕಟ್ಟಿನಿಂದ ಹೊರಗೆ ಉಳಿದು, ಕೆನ್ನೆಗೆ ಕೈ ಹಚ್ಚಿದ ತಾಯಿ, ಮುಖ ತಿರುಗಿಸಿಕೊಂಡ ಮಕ್ಕಳು ಮಾತ್ರ ಇದ್ದಾರೆ. ಮೂಲೆಯಲ್ಲಿ ಕಾಣುತ್ತಿದ್ದ ಹೆಬ್ಬೆರಳನ್ನು ನೆಗೆಟಿವ್‌ನಲ್ಲಿ ಆಮೇಲೆ ಅಳಿಸಿದ್ದೂ ಉಂಟು. ಚೌಕಟ್ಟು ಹಾಕುವುದೇ ಮಾತುಗಾರಿಕೆ. ಆದರೆ ಇದ್ದದ್ದನ್ನು ಬಿಡುವುದಕ್ಕೂ ಇಲ್ಲದ್ದನ್ನು ತಂದಿಡುವುದಕ್ಕೂ ಅಂತರವಿದೆ ಎಂದು ನನ್ನ ಮತ. ರಂಗೋಲಿಯ ಫೋಟೋವನ್ನು ತೆಗೆದುಹಾಕಿಲ್ಲ, ‘ತಾಯಿ ಹಾಕಿದ ರಂಗೋಲಿ’ ಎಂದು ಕೆಳಗೆ ಬರೆಸಿದ್ದೇನೆ.

ಕೆಳಗೆ ಬರೆಯುವ ಆ ಸಾಲಿಗೂ ಒಂದು ಮಾತು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1964ರ ಪ್ರಬಂಧವೊಂದರಲ್ಲಿ ಪಾಸ್ತಾ ಜಾಹೀರಾತನ್ನು ಬಿಡಿಸಿ ನೋಡಿದ. ಬಲೆಚೀಲದಿಂದ ಹೊರಬಿದ್ದ ಟೊಮೆಟೊ, ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳು ‘ಈಗ ತಾನೇ ಸಂತೆಯಿಂದ ಬಂದದ್ದು’ ಎನ್ನುತ್ತವೆ, ಬಣ್ಣಗಳು ‘ಇಟಲಿ’ ಎನ್ನುತ್ತವೆ. ಆದರೆ ಆ ಇಟಲಿ ಫ್ರೆಂಚರಿಗೆ ಕಾಣುವ ಇಟಲಿ, ಇಟಲಿಯವರಿಗಲ್ಲ. ಚಿತ್ರಕ್ಕೆ ಅರ್ಥಗಳು ಹಲವಾದ್ದರಿಂದ ಅಕ್ಷರಗಳು ಒಂದನ್ನು ಹಿಡಿದು ನಿಲ್ಲಿಸುತ್ತವೆ ಎಂದು ಅವನು ಹೇಳುತ್ತಾನೆ. ಅದಕ್ಕೆ ಅವನು ಬಳಸಿದ್ದು ಹಡಗಿನ ಲಂಗರಿನ ಮಾತು. ಎತ್ತು ಕಟ್ಟುವ ನಮ್ಮ ಸೀಮೆಯಲ್ಲಿ ಅದು ಗೂಟ.

ಗೂಟ ಎಷ್ಟು ಬೇಕು ಎಂಬುದು ನೋಡುವವರನ್ನು ಅವಲಂಬಿಸಿದೆ. ಒಬ್ಬಳ ಫೋಟೋದಲ್ಲಿ ಖಾಲಿ ಬಸ್ಸಿನ ಸೀಟಿನ ಮೇಲೆ ಮಡಿಚಿಟ್ಟ ಗುಳೇದಗುಡ್ಡದ ಖಣ (ರವಿಕೆಯ ಬಟ್ಟೆ) ಒಂದಿದೆ, ಅಷ್ಟೇ. ಉಡಿ ತುಂಬಿಸಿಕೊಂಡು ತವರಿನಿಂದ ಹೊರಟ ಹೆಣ್ಣುಮಗಳು ಈ ಭಾಗದವರಿಗೆ ಕೂಡಲೇ ಕಾಣುತ್ತಾಳೆ, ಆ ತವರು ಮುಳುಗಡೆಯ ಊರೆಂದರೆ ಗಂಟಲು ಕಟ್ಟುತ್ತದೆ. ದಕ್ಷಿಣದಿಂದ ಬಂದ ಅತಿಥಿಯೊಬ್ಬರು ‘ಒಳ್ಳೆಯ ನೇಯ್ಗೆ’ ಎಂದರು. ಇನ್ನೊಂದರಲ್ಲಿ ಕಬ್ಬಿನ ಹೊಲದ ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘524’. ಅದಕ್ಕೆ ಅಡಿಬರಹ ಬೇಡವೆಂದು ಹುಡುಗಿ ಹಟ ಹಿಡಿದಿದ್ದಾಳೆ. ನಾನೂ ಅವಳ ಪಕ್ಷ.

ಪ್ರಶ್ನೆಗಳನ್ನು ಮತ್ತೆ ಬರೆಯುವುದಿಲ್ಲ, ಮೇಲೆಯೇ ಇವೆ. ‘ಭಾವಚಿತ್ರ’ ಎಂಬುದು ಮುಖದ ಚಿತ್ರ ಎಂಬ ಅರ್ಥಕ್ಕೆ ಯಾವಾಗ ತಿರುಗಿತು ಎಂದು ತೋರಿಸುವ ಹಳೆಯ ಪತ್ರಿಕೆಯ ಅಥವಾ ಜಾಹೀರಾತಿನ ಪ್ರಯೋಗ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳುಹಿಸಿ. ಹಾಗೆಯೇ ಫೋಟೋದ ಕೆಳಗಿನ ಸಾಲಿಗೆ ‘ಅಡಿಬರಹ’, ‘ಚಿತ್ರಶೀರ್ಷಿಕೆ’ ಎರಡೂ ಕಾಣುತ್ತವೆ. ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದವರು ಅಲ್ಲಿ ಯಾವುದನ್ನು ಹೇಳುತ್ತಿದ್ದರು ಎಂದು ತಿಳಿಸಿದರೆ ಫಲಕದಲ್ಲಿ ಅದನ್ನೇ ಹಾಕುತ್ತೇನೆ. ಮುದ್ರಣಕ್ಕೆ ಕೊಡಲು ಇನ್ನೂ ಸ್ವಲ್ಪ ಸಮಯವಿದೆ.