ಮಗಳ ಮದುವೆ ನಾನೇ ಮಾಡಿಸಬೇಕಂತೆ. ಯಾವ ವೆಬ್‌ಸೈಟಿನ ದೀಕ್ಷೆ ನಡೆಯುತ್ತದೆ?

ಜಮಖಂಡಿ ಮಾಸ್ತರ:

ಎಲ್ಲರಿಗೂ ಶರಣು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಮಗಳು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿದ್ದಾಳೆ. (ಆ ಹೆಸರು ಕೇಳಿ ನಮ್ಮ ಓಣಿಯಲ್ಲಿ ಎಮ್ಮೆ ಕಟ್ಟಿದವರೆಲ್ಲ ಇನ್ನೂ ನಗುತ್ತಾರೆ.) ಹುಡುಗ ಅಲ್ಲಿಯವನೇ, ಒಳ್ಳೆಯವನು. ಅಕ್ಟೋಬರಿನಲ್ಲಿ ಅಲ್ಲಿ ಕಾಗದದ ಮದುವೆ, ಡಿಸೆಂಬರಿನಲ್ಲಿ ಇಲ್ಲಿ ಅಯ್ಯನವರ ಕೈಯಲ್ಲಿ ಶಾಸ್ತ್ರದ ಮದುವೆ. ಇಷ್ಟಕ್ಕೆ ಯಾರದೂ ತಕರಾರಿಲ್ಲ.

ಆದರೆ ಅಲ್ಲಿಯ ಮದುವೆಯನ್ನು ಅಪ್ಪನೇ ಮಾಡಿಸಬೇಕು ಅಂತ ಮಗಳ ಹಟ. ಆನ್‌ಲೈನಿನಲ್ಲಿ ಪಾದ್ರಿ ಆಗಬಹುದು, ದುಡ್ಡು ಬೇಡ, ಪರೀಕ್ಷೆ ಬೇಡ, ಯಾವ ಧರ್ಮದವರಾದರೂ ನಡೆಯುತ್ತದೆ ಅಂತ ಹೇಳಿ ಒಂದು ಲಿಂಕ್ ಕಳಿಸಿದಳು. ನಾನು ಆವಾಗ ಗಿರಣಿ ಮುಂದೆ ಜೋಳದ ಡಬ್ಬಿ ಪಾಳಿಗೆ ಇಟ್ಟು ನಿಂತಿದ್ದೆ. ಹೆಸರು ಹಾಕಿದೆ, ಇಮೇಲ್ ಹಾಕಿದೆ, ಒಂದು ಗುಂಡಿ ಒತ್ತಿದೆ. ನನ್ನ ಡಬ್ಬಿಯ ಪಾಳಿ ಬರುವುದರೊಳಗೆ ದೀಕ್ಷೆ ಮುಗಿದಿತ್ತು.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಅಂದದ್ದು: "ಮಠದಾಗ ಹತ್ತು ವರ್ಷ ಕಲಿತವರಿಗೇ ಮಂದಿ ಇನ್ನೂ ಮರಿ ಅಂತಾರ. ನೀವು ಹಿಟ್ಟು ಬೀಸಿಸಾಕ ಹೋಗಿ ಸ್ವಾಮಿ ಆಗಿ ಬಂದ್ರಿ!"

ನಗೆ ಅಲ್ಲಿಗೆ ಮುಗಿಯಿತು. ಮರುದಿನದಿಂದ ಮೇಲ್ ಮೇಲೆ ಮೇಲ್. ಚೌಕಟ್ಟು ಹಾಕಿದ ಸರ್ಟಿಫಿಕೇಟ್ ಕೊಳ್ಳಿ, ಗುರುತಿನ ಚೀಟಿ ಕೊಳ್ಳಿ, ಕೊರಳಿಗೆ ಹಾಕುವ ಶಲ್ಯ ಕೊಳ್ಳಿ. ಸಂಶಯ ಬಂದು ಹುಡುಕಿದರೆ ಇನ್ನೊಂದು ವೆಬ್‌ಸೈಟ್ ಸಿಕ್ಕಿತು. ಅದು "ನಾವೇ ಅಸಲಿ, ಅವರಿಂದ ದೀಕ್ಷೆ ಪಡೆದಿದ್ದರೆ ಎಚ್ಚರ" ಅನ್ನುತ್ತದೆ. ಮೊದಲಿನದು ಇದನ್ನೇ ತಿರುಗಿಸಿ ಹೇಳುತ್ತದೆ. ಮೂರನೆಯದೂ ಒಂದಿದೆ. ಅದು ಇಬ್ಬರನ್ನೂ ಬೈಯುತ್ತದೆ.

ನನಗೆ ಬೇಕಾದದ್ದು ಇಷ್ಟೇ. ಇವರಲ್ಲಿ ಖರೆ ಯಾರು? ಮುಂದೆ ಯಾವುದೋ ಕೋರ್ಟು "ಮಾಸ್ತರ ಪಾದ್ರಿಯೇ ಅಲ್ಲ" ಅಂದರೆ ನನ್ನ ಮಗಳ ಮದುವೆ ಏನಾಗುತ್ತದೆ?

ಇಂಡಿ ನಿಂಬೆ:

ಮಾಸ್ತರ್ರೇ, ನಾನು ಒಂಬತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದು ಈಗ ಇಂಡಿಗೆ ಬಂದು ನಿಂಬೆ ತೋಟ ನೋಡಿಕೊಳ್ಳುತ್ತಿದ್ದೇನೆ. ಈ ಜಗಳದ ಬೇರು ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಊರಿನಲ್ಲಿ ಕರ್ಬಿ ಹೆನ್ಸ್ಲಿ ಅಂತ ಒಬ್ಬ ಪಾದ್ರಿ ಇದ್ದ. ಓದು ಬರಹ ಬಾರದವನು. 1962ರಲ್ಲಿ ಯೂನಿವರ್ಸಲ್ ಲೈಫ್ ಚರ್ಚ್ ಅಂತ ನೋಂದಾಯಿಸಿದ. ಕೇಳಿದವರಿಗೆಲ್ಲ ಪುಕ್ಕಟೆ ದೀಕ್ಷೆ. ಏನು ನಂಬುತ್ತೀರಿ ಅಂತಲೂ ಕೇಳುತ್ತಿರಲಿಲ್ಲ. ಆಗ ಇಂಟರ್‌ನೆಟ್ ಎಲ್ಲಿಯದು, ಎಲ್ಲಾ ಅಂಚೆಯಲ್ಲಿ. 1999ರಲ್ಲಿ ಆತ ತೀರಿಕೊಂಡ. ಅದೇ ಹೆಸರಿನ ಒಂದು ಶಾಖೆ, ಮಾನೆಸ್ಟರಿ ಅನ್ನುವುದು, 2006ರಲ್ಲಿ ಮೊಡೆಸ್ಟೋದಿಂದ ಬೇರೆಯಾಯಿತು. ಈಗ ಅದು ಸಿಯಾಟಲ್‌ನಲ್ಲಿದೆ. ಅದೇ ಸಿಯಾಟಲ್‌ನಲ್ಲಿ 2009ರಲ್ಲಿ ಅಮೆರಿಕನ್ ಮ್ಯಾರೇಜ್ ಮಿನಿಸ್ಟ್ರೀಸ್ ಶುರುವಾಯಿತು. ಸಿಯಾಟಲ್‌ನ ಈ ಇಬ್ಬರು 2019ರಲ್ಲಿ ಫೆಡರಲ್ ಕೋರ್ಟಿಗೂ ಹೋದರು.

ನಮ್ಮ ಕಡೆ ಮೂಲ ಮಠ, ಶಾಖಾ ಮಠ ಅಂತ ಜಗಳ ಆಗುತ್ತದಲ್ಲ, ಪಲ್ಲಕ್ಕಿ ಯಾರದು, ಕಾಣಿಕೆ ಡಬ್ಬಿ ಯಾರದು ಅಂತ? ಅದೇ ಇದು. ಪಲ್ಲಕ್ಕಿ ಬದಲು ವೆಬ್‌ಸೈಟ್ ಹೆಸರು.

ತಿಲಕವಾಡಿ ವಕೀಲ:

ಇತಿಹಾಸ ಚೆನ್ನಾಗಿದೆ. ಆದರೆ ಮಾಸ್ತರರ ಪ್ರಶ್ನೆಗೆ ಅದು ಉತ್ತರ ಅಲ್ಲ. ಯಾವ ವೆಬ್‌ಸೈಟ್ ಅಸಲಿ ಅಂತ ಕೋರ್ಟು ನೋಡುವುದಿಲ್ಲ. ಆ ರಾಜ್ಯದ ಕಾಯ್ದೆ ಯಾರನ್ನು ಪಾದ್ರಿ ಅನ್ನುತ್ತದೆ ಅಂತ ನೋಡುತ್ತದೆ. ಕಾಯ್ದೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಬೆಳಗಾವಿಯಲ್ಲಿ ನಡೆದದ್ದು ಗಡಿ ದಾಟಿ ಮಹಾರಾಷ್ಟ್ರದ ಚಂದಗಡದಲ್ಲಿ ನಡೆಯುವುದಿಲ್ಲ ಅಂದ ಹಾಗೆ.

ವರ್ಜೀನಿಯಾದ ಸುಪ್ರೀಂ ಕೋರ್ಟು 1974ರಲ್ಲೇ ಇಂಥ ದೀಕ್ಷೆಯವರಿಗೆ ಮದುವೆ ಮಾಡಿಸುವ ಅಧಿಕಾರ ಇಲ್ಲ ಅಂದಿತು. ಎಲ್ಲರೂ ಪಾದ್ರಿ ಆಗಬಹುದಾದರೆ ಪಾದ್ರಿ ಅನ್ನುವ ಮಾತಿಗೆ ಅರ್ಥವೇನು ಅನ್ನುವುದು ಅದರ ವಾದ. ಟೆನ್ನೆಸ್ಸಿ 2019ರಲ್ಲಿ ಆನ್‌ಲೈನ್ ದೀಕ್ಷೆಯವರು ಮದುವೆ ಮಾಡಿಸಬಾರದು ಅಂತ ಕಾಯ್ದೆಯನ್ನೇ ತಂದಿತು, ಅದೂ ಕೋರ್ಟಿಗೆ ಹೋಯಿತು. ಆದರೆ ಮಿಸಿಸಿಪ್ಪಿಯಲ್ಲಿ 1988ರಲ್ಲಿ ಇಂಥದ್ದೇ ಮದುವೆ ಊರ್ಜಿತವಾಯಿತು. ನ್ಯೂಯಾರ್ಕಿನದೇ ಕೇಳಿ: 1989ರಲ್ಲಿ ಅಲ್ಲಿಯ ಒಂದು ಮೇಲ್ಮನವಿ ಕೋರ್ಟು ಇಂಥ ಮದುವೆಯನ್ನು ರದ್ದು ಅಂದಿತ್ತು.

ಮಾಸ್ತರರು ಕೇಳಲೇಬೇಕಾದದ್ದು ನಾರ್ತ್ ಕ್ಯಾರೊಲಿನಾದ 1980ರ ಕೇಸು. ಒಬ್ಬನ ಮೇಲೆ ಎರಡು ಮದುವೆಯಾದ ಆರೋಪ. ಕೆಳಗಿನ ಕೋರ್ಟು ಶಿಕ್ಷೆಯನ್ನೂ ಕೊಟ್ಟಿತ್ತು. ಮೇಲಿನ ಕೋರ್ಟಿನಲ್ಲಿ ಬಿಡುಗಡೆಯಾದ. ಯಾಕೆ ಅಂದರೆ ಮೊದಲ ಮದುವೆ ಮಾಡಿಸಿದವರು ಅಂಚೆಯಲ್ಲಿ ದೀಕ್ಷೆ ತರಿಸಿಕೊಂಡವರು, ಆ ಮದುವೆ ಮದುವೆಯೇ ಅಲ್ಲ ಅಂತ ತೀರ್ಪಾಯಿತು. ಆ ದೀಕ್ಷೆ ತರಿಸಿಕೊಂಡವರು ಯಾರು ಗೊತ್ತಾ? ಹುಡುಗಿಯ ಅಪ್ಪ.

ಮದುವೆಯ ದಿನ ಯಾರೂ ಇದನ್ನೆಲ್ಲ ಕೇಳುವುದಿಲ್ಲ ಸರ್, ಎಲ್ಲರೂ ಊಟದ ಪಂಕ್ತಿ ನೋಡುತ್ತಿರುತ್ತಾರೆ. ವಿಚ್ಛೇದನ, ಆಸ್ತಿ, ಪಿಂಚಣಿ ಅಂತ ಬಂದಾಗ ಒಬ್ಬ ವಕೀಲ ಎದ್ದು ಕೇಳುತ್ತಾನೆ. ನನ್ನಂಥವನು.

ನಮ್ಮಲ್ಲಿ ಈ ರಗಳೆ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಎರಡು ಕಡೆಯಲ್ಲಿ ಒಂದು ಕಡೆಯ ರೂಢಿಯಂತೆ ಶಾಸ್ತ್ರ ನಡೆಯಬೇಕು ಅನ್ನುತ್ತದೆ, ಅಯ್ಯನವರ ಸರ್ಟಿಫಿಕೇಟ್ ಕೇಳುವುದಿಲ್ಲ.

ಸತ್ಯವಾದಿ 55:

ಹಾಗಾದರೆ ಎಲ್ಲಾ ವೆಬ್‌ಸೈಟೂ ಬೋಗಸ್. ದುಡ್ಡು ಮಾಡುವ ದಂಧೆ. ಧರ್ಮ ಅಂದರೆ ಎರಡು ನಿಮಿಷದ ಆಟವಾ? ಮಾಸ್ತರರೂ ಸುಮ್ನೆ ಅಯ್ಯನವರ ಹತ್ತಿರ ಬಿಟ್ಟುಬಿಡಲಿ.

ಹುನಗುಂದದ ಹುಡುಗಿ:

ಸತ್ಯವಾದಿ ಅಣ್ಣಾ, ಮಗಳು ಅಪ್ಪನನ್ನು ಕೇಳಿದ್ದಾಳೆ, ನಿಮ್ಮನ್ನಲ್ಲ.

ಮಾಸ್ತರ್ ಕಾಕಾ, ನಾನು ರಾಚೆಸ್ಟರ್‌ನಲ್ಲಿದ್ದೇನೆ, ಬಫಲೋದಿಂದ ಕಾರಿನಲ್ಲಿ ಒಂದು ತಾಸು ಚಿಲ್ಲರೆ. ನಿಮಗೆ ದೀಕ್ಷೆಯೇ ಬೇಡ! ನ್ಯೂಯಾರ್ಕ್ ರಾಜ್ಯ 2023ರ ಮಾರ್ಚಿನಿಂದ ಒಂದು ದಿನದ ಮಟ್ಟಿಗೆ ಮದುವೆ ಮಾಡಿಸುವ ಲೈಸೆನ್ಸ್ ಕೊಡುತ್ತದೆ. ಹದಿನೆಂಟು ತುಂಬಿರಬೇಕು ಅಷ್ಟೇ. ಆ ರಾಜ್ಯದವರೇ ಆಗಿರಬೇಕು ಅಂತಿಲ್ಲ. ಇಪ್ಪತ್ತೈದು ಡಾಲರ್ ಫೀ. ಮಗಳು ಅಳಿಯ ಎಲ್ಲಿ ಮದುವೆ ಲೈಸೆನ್ಸ್ ತೆಗೆಸುತ್ತಾರೋ ಅದೇ ಕ್ಲರ್ಕಿನ ಆಫೀಸಿನಲ್ಲಿ ಇದಕ್ಕೂ ಅರ್ಜಿ. ಯಾವ ಮೂಲ ಮಠ, ಯಾವ ಶಾಖಾ ಮಠ ಅಂತ ಯಾರೂ ಕೇಳುವುದಿಲ್ಲ.

ಒಂದೆರಡು ಮಾತು ನೆನಪಿರಲಿ. ಮಗಳು ಅಳಿಯನ ಮದುವೆ ಲೈಸೆನ್ಸ್ ಕೈಗೆ ಬಂದ ಮೇಲೆ ಇಪ್ಪತ್ನಾಲ್ಕು ತಾಸು ಕಾಯಬೇಕು, ಅರವತ್ತು ದಿನದೊಳಗೆ ಮದುವೆ ಆಗಬೇಕು. ಒಬ್ಬ ಸಾಕ್ಷಿಯಾದರೂ ಬೇಕು. ಮಂತ್ರ ಇಂಥದ್ದೇ ಅಂತಿಲ್ಲ, ನಿಮ್ಮ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದೇವೆ ಅಂತ ಹೇಳಬೇಕು. ವಚನ ಹೇಳಿಸಿ, ಅಕ್ಕಿಕಾಳು ಹಾಕಿಸಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಆ ಮದುವೆ ಲೈಸೆನ್ಸಿನ ಕಾಗದ ತುಂಬಿ ಸಹಿ ಮಾಡಿ ಐದು ದಿನದೊಳಗೆ ಕ್ಲರ್ಕಿಗೆ ವಾಪಸ್ ಕಳಿಸುವುದು ನಿಮ್ಮ ಕೆಲಸ, ಅಳಿಯನದಲ್ಲ. ಇದನ್ನು ಮರೆಯುವವರೇ ಜಾಸ್ತಿ.

ತಿಲಕವಾಡಿ ವಕೀಲ:

ತಂಗಿ ಹೇಳಿದ್ದೇ ಸರಿ ದಾರಿ. ಟಿಕೆಟ್ ತೆಗೆಸುವ ಮೊದಲು ಮಗಳು ಆ ಆಫೀಸಿಗೆ ಒಂದು ಫೋನ್ ಮಾಡಲಿ.

ಜಮಖಂಡಿ ಮಾಸ್ತರ:

ಎಲ್ಲರಿಗೂ ಶರಣು. ಮಗಳು ಫೋನ್ ಮಾಡಿದಳು. ಹುನಗುಂದದ ಹುಡುಗಿ ಹೇಳಿದ್ದೆಲ್ಲ ಖರೆ. ಅಪ್ಪನಾದರೂ ನಡೆಯುತ್ತದೆ, ಇಂಡಿಯಾದಿಂದ ಬಂದರೂ ನಡೆಯುತ್ತದೆ ಅಂದರಂತೆ.

ಗಿರಣಿ ಮುಂದೆ ಆದ ದೀಕ್ಷೆ ಹಾಗೇ ಇದೆ. ಅದನ್ನು ಬಿಡುವ ಗುಂಡಿ ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ನಿನ್ನೆ ಮತ್ತೆ ಮೇಲ್ ಬಂತು, ಶಲ್ಯ ಅರ್ಧ ಬೆಲೆಗೆ ಅಂತ.

ವಕೀಲರ ಆ ಹುಡುಗಿಯ ಅಪ್ಪನ ಕಥೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆತನೂ ನನ್ನ ಹಾಗೇ ಮಗಳ ಹಟಕ್ಕೆ ಸೋತಿದ್ದನೋ ಏನೋ. ಐದು ದಿನದೊಳಗೆ ಕಾಗದ ಕಳಿಸುವುದನ್ನು ನಾನು ಮರೆಯುವುದಿಲ್ಲ. ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬಾಕಿ ಇಟ್ಟವನಲ್ಲ.

ಈಗ ಉಳಿದದ್ದು ಒಂದೇ ತಕರಾರು. ನಾನು ಧೋತರ, ರುಮಾಲು ಅನ್ನುತ್ತೇನೆ. ಅಕ್ಟೋಬರಿನಲ್ಲಿ ಅಲ್ಲಿ ಥಂಡಿ, ಸೂಟು ಹೊಲಿಸಿ ಅಂತ ಮನೆಯವರು. ಹುನಗುಂದದ ತಂಗಿ, ನೀವು ಅಲ್ಲೇ ಇದ್ದೀರಿ, ಧೋತರದ ಒಳಗೆ ಬೆಚ್ಚಗಿನ ಪೈಜಾಮ ಹಾಕಿದರೆ ಹೊರಗೆ ಕಾಣುತ್ತದಾ?